ಗಂಟೆಗೆ ನಾಲ್ಕು ಮಿಲಿಲೀಟರ್: ದಿನ ತುಂಬದ ಮಕ್ಕಳ ವೈದ್ಯರಾಗುವುದೆಂದರೆ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ದಕ್ಕುವುದಿಲ್ಲ ಎಂಬ ಮಾತನ್ನು ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಕಡೆಯ ಹಿರಿಯರ ಬಾಯಲ್ಲಿ ಇಂದಿಗೂ ಕೇಳಬಹುದು. ವೈದ್ಯಶಾಸ್ತ್ರದ ಲೆಕ್ಕ ಇದಕ್ಕೆ ತೀರ ವಿರುದ್ಧವಾಗಿದೆ. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗು ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತಲೇ ಹೋಗುತ್ತದೆ, ಎಂಟನೆಯ ತಿಂಗಳಿಗೆ ಬಂದಾಗ ಅದು ಏಕಾಏಕಿ ಕುಸಿಯುವುದಿಲ್ಲ. ಇಂಥ ನಂಬಿಕೆಯನ್ನು ಅಜ್ಜಿ ಕಾಲದ ಮಾತೆಂದು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಎಂಟಕ್ಕೆ ಹುಟ್ಟಿದ್ದು ಹೇಗಿದ್ದರೂ ಉಳಿಯದು ಎಂದು ಮನೆಯವರು ಕೈಚೆಲ್ಲಿ ಕೂತರೆ, ಸ್ವಲ್ಪ ಬಿಸುಪು ಮತ್ತು ಹೊಟ್ಟೆಗೆ ಹಾಲು ಸಿಕ್ಕಿದ್ದರೆ ಸಾಕಾಗಿದ್ದ 34 ವಾರದ ಮಗುವೊಂದು ಚಳಿಗೆ ಸಿಕ್ಕಿ ಹೋಗಿಬಿಡುತ್ತದೆ.

ಪಿಯುಸಿಯಲ್ಲಿ ವಿಜ್ಞಾನ ಓದುವ ಮಕ್ಕಳಲ್ಲಿ, ಇಂಥ ಕೂಸುಗಳನ್ನು ಉಳಿಸುವ ವೈದ್ಯರಾಗಬೇಕೆಂದು ಆಸೆಪಡುವವರು ಇದ್ದಾರೆ. ಅಕ್ಕನ ಮಗುವೋ ಅತ್ತಿಗೆಯ ಮಗುವೋ ವಾರಗಟ್ಟಲೆ ಆಸ್ಪತ್ರೆಯ ಬಿಸುಪಿನ ಪೆಟ್ಟಿಗೆಯಲ್ಲಿದ್ದು ಬದುಕಿ ಬಂದ ಮನೆಗಳಲ್ಲಿ ಈ ಆಸೆ ಹುಟ್ಟುವುದು ಸಹಜ. ಆದರೆ ಆಸೆಯ ಹಿಂದಿರುವ ಚಿತ್ರದಲ್ಲಿ ಸಾಮಾನ್ಯವಾಗಿ ಕೊನೆಗಳಿಗೆಯಲ್ಲಿ ಓಡಿಬಂದು ಜೀವ ಉಳಿಸುವ ಒಬ್ಬ ವೈದ್ಯ ಇರುತ್ತಾನೆ, ನಿಜವಾದ ಕೆಲಸ ಬಹುಪಾಲು ಹಾಗಿರುವುದಿಲ್ಲ. ಅದು ಗ್ರಾಂ, ಮಿಲಿಲೀಟರ್, ಡಿಗ್ರಿ ಮತ್ತು ಶೇಕಡಾಗಳನ್ನು ಹಗಲೂ ರಾತ್ರಿಯೂ ಹದ ತಪ್ಪದಂತೆ ನೋಡಿಕೊಳ್ಳುವ ಕೆಲಸ. ಈ ಕೆಲಸದ ಸ್ವರೂಪ ತಿಳಿಯದೆ ಓದಿನ ವರ್ಷಗಳನ್ನು ಎಣಿಸುವುದರಿಂದ ಪ್ರಯೋಜನವಿಲ್ಲವಾದ್ದರಿಂದ, ಕೆಲಸವನ್ನು ಮೊದಲು, ದಾರಿಯನ್ನು ಆಮೇಲೆ ಇಲ್ಲಿ ವಿವರಿಸಲಾಗಿದೆ.

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದಾಗ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಅವುಗಳಲ್ಲಿ 32 ವಾರ ದಾಟಿದವು ಹೆಚ್ಚು, ಅವುಗಳ ಆರೈಕೆ ಹೋಲಿಕೆಯಲ್ಲಿ ಸುಲಭ. 28ರಿಂದ 32 ವಾರದವುಗಳಿಗೆ ಉಸಿರಾಟದ ನೆರವು ಬೇಕಾಗುವುದೇ ಹೆಚ್ಚು. 28 ವಾರಕ್ಕೂ ಮೊದಲು ಹುಟ್ಟಿದವು ಅತ್ಯಂತ ಎಳೆಯವು, ಅವಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು. 2020ರಲ್ಲಿ ಜಗತ್ತಿನಲ್ಲಿ ಹೀಗೆ ದಿನ ತುಂಬದೆ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು 1.34 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿವೆ. ಅದರಲ್ಲಿ ಸುಮಾರು 30 ಲಕ್ಷ ಭಾರತದ್ದು, ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ.

ತೂಕ ಮತ್ತು ವಾರ ಎರಡೂ ಒಂದೇ ಅಲ್ಲವೆಂಬುದು ಈ ವಿದ್ಯೆಯ ಮೊದಲ ಪಾಠ. ಎದುರಿಗೆ 1.8 ಕಿಲೋ ತೂಕದ ಎರಡು ಮಕ್ಕಳಿವೆ ಎಂದುಕೊಳ್ಳೋಣ. ಒಂದು 32 ವಾರಕ್ಕೆ ಹುಟ್ಟಿದ್ದು, ಅದರ ವಾರಕ್ಕೆ ಆ ತೂಕ ಸರಿಯಾಗಿಯೇ ಇದೆ. ಇನ್ನೊಂದು 38 ವಾರ ತುಂಬಿ ಹುಟ್ಟಿದ್ದು, ತಾಯಿಗೆ ಬಿಪಿ ಏರಿದ್ದರಿಂದಲೋ ಪೋಷಣೆ ಸಾಲದೆಯೋ ಹೊಟ್ಟೆಯಲ್ಲಿ ಬೆಳೆಯಲಾಗದೆ ಸಣ್ಣದಾಗಿ ಉಳಿದದ್ದು. ಮೊದಲನೆಯದರ ಶ್ವಾಸಕೋಶ ಇನ್ನೂ ಬಲಿತಿಲ್ಲ, ಎರಡನೆಯದರದು ಬಲಿತಿದೆ, ಆದರೆ ಅದರ ರಕ್ತದಲ್ಲಿ ಸಕ್ಕರೆ ಇಳಿಯುವ ಭಯ ಹೆಚ್ಚು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಬಗೆಯ ಪುಟ್ಟ ಕೂಸು, ವೈದ್ಯರಿಗೆ ಎರಡೂ ಬೇರೆ ಬೇರೆ ರೋಗಿಗಳು.

ವಾರವನ್ನು ತಿಳಿಯುವುದೂ ಯಾವಾಗಲೂ ಸಲೀಸಲ್ಲ. ಮುಟ್ಟಿನ ದಿನಾಂಕ ನೆನಪಿಲ್ಲದ ತಾಯಂದಿರು ಅನೇಕರು, ತಾಯಿ ಕಾರ್ಡ್‌ನಲ್ಲಿ ಅಂದಾಜಿನ ತಾರೀಖು ಬರೆದಿರುವುದೂ ಉಂಟು. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನ್ ವರದಿ ಇದ್ದರೆ ಅದನ್ನೇ ನಂಬಬೇಕು. ಅದೂ ಇಲ್ಲದಿದ್ದರೆ ಮಗುವಿನ ಮೈಯನ್ನೇ ಓದಬೇಕಾಗುತ್ತದೆ. ಅಂಗಾಲಿನಲ್ಲಿ ಗೆರೆಗಳು ಎಲ್ಲಿಯವರೆಗೆ ಮೂಡಿವೆ, ಕಿವಿಯ ಅಂಚನ್ನು ಮಡಚಿ ಬಿಟ್ಟರೆ ಅದು ತಾನಾಗಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆಯೇ ಅಥವಾ ಮಡಚಿದ ಹಾಗೆಯೇ ಉಳಿಯುತ್ತದೆಯೇ, ಬೆನ್ನ ಮೇಲೆ ನವಿರಾದ ಕೂದಲು ಎಷ್ಟಿದೆ, ಕೈಯನ್ನು ಎದೆಯ ಮೇಲೆ ಅಡ್ಡ ಎಳೆದರೆ ಮೊಣಕೈ ಎಷ್ಟು ದೂರ ಬರುತ್ತದೆ ಎಂಬುದನ್ನೆಲ್ಲ ನೋಡಿ ಅಂಕ ಕೊಟ್ಟು ವಾರವನ್ನು ಅಂದಾಜು ಮಾಡುತ್ತಾರೆ. ಬ್ಯಾಲಾರ್ಡ್ ಅಂಕಪಟ್ಟಿ ಎಂದು ಹೆಸರಾದ ಈ ವಿಧಾನಕ್ಕೆ ಯಂತ್ರ ಬೇಡ, ಬೆರಳು ಮತ್ತು ಕಣ್ಣು ಸಾಕು.

ಹೀಗೆ ಬೇಗ ಹುಟ್ಟಿದ ಮಗುವಿನ ಮೊದಲ ಸಂಕಟ ಉಸಿರಾಟದ್ದು. ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆಯ ಮೇಲೆ ತೆಳುವಾದ ನೀರಿನ ಪದರವಿರುತ್ತದೆ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬಾರದಂತಾಗುವ ಹಾಗೆ, ಉಸಿರು ಹೊರಬಿಟ್ಟಾಗಲೆಲ್ಲ ಈ ಗೂಡುಗಳು ನೀರಿನ ಮೇಲ್ಮೈ ಎಳೆತದಿಂದ ಮುಚ್ಚಿಕೊಳ್ಳಲು ನೋಡುತ್ತವೆ. ಅದನ್ನು ತಡೆಯುವುದು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತು. ಅದರ ತಯಾರಿ 24ನೆಯ ವಾರದ ಸುಮಾರಿಗೆ ಆರಂಭವಾದರೂ ಸಾಕಷ್ಟು ದೊರೆಯುವುದು 34, 35ನೆಯ ವಾರದ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಮಗು ಪ್ರತಿ ಉಸಿರಿಗೂ ಮುಚ್ಚಿದ ಗೂಡುಗಳನ್ನು ಹೊಸದಾಗಿ ತೆರೆಯಬೇಕಾಗುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ, ಪಕ್ಕೆಗಳು ಒಳಕ್ಕೆ ಸೇದಿಕೊಳ್ಳುತ್ತವೆ, ಉಸಿರು ಬಿಡುವಾಗ ನರಳಿದಂಥ ಸದ್ದು ಬರುತ್ತದೆ. ಕೆಲವು ಗಂಟೆಗಳಲ್ಲಿ ಮಗು ಸೋತುಹೋಗುತ್ತದೆ.

1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯವರಿಗೆ ಐದೂವರೆ ವಾರ ಮುಂಚಿತವಾಗಿ ಗಂಡುಮಗು ಹುಟ್ಟಿತು. ತೂಕ 2.1 ಕಿಲೋ. ಇದೇ ಕಾಯಿಲೆಯಿಂದ ಆ ಮಗು ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. ಸರ್ಫ್ಯಾಕ್ಟಂಟ್ ಕೊರತೆಯೇ ಕಾರಣವೆಂಬುದನ್ನು ಮೇರಿ ಎಲೆನ್ ಆವೆರಿ ಮತ್ತು ಜೆರೆ ಮೀಡ್ 1959ರಲ್ಲೇ ತೋರಿಸಿದ್ದರು, ಆದರೆ ಚಿಕಿತ್ಸೆ ಇನ್ನೂ ಹುಟ್ಟಿರಲಿಲ್ಲ. ಜಗತ್ತಿನ ಅತ್ಯಂತ ಪ್ರಬಲ ವ್ಯಕ್ತಿ ಅಂದು ತನ್ನ ಮಗನಿಗೆ ಕೊಡಿಸಲಾಗದೆ ಹೋದ ಚಿಕಿತ್ಸೆ ಇಂದು ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಹಣ ಕೊಡದೆ ಸಿಗುತ್ತದೆ, ಅಷ್ಟು ತೂಕದ ಮಗುವನ್ನು ಉಳಿಸುವುದು ಅಲ್ಲಿ ಅಪರೂಪದ ಸಾಧನೆಯೇನಲ್ಲ.

ಈ ಬದಲಾವಣೆ ಮೂರು ಕಡೆಯಿಂದ ಬಂತು. 1971ರಲ್ಲಿ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು, ಉಸಿರು ಬಿಡುವಾಗಲೂ ಗಾಳಿಗೂಡುಗಳು ಪೂರ್ತಿ ಮುಚ್ಚಿಕೊಳ್ಳದಂತೆ ಸತತವಾಗಿ ಸಣ್ಣ ಒತ್ತಡವನ್ನು ಇಟ್ಟಿರುವ ಸಿಪ್ಯಾಪ್ ವಿಧಾನವನ್ನು ವರದಿ ಮಾಡಿದರು. 1980ರಲ್ಲಿ ಜಪಾನಿನ ಫುಜಿವಾರ, ದನದ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಮಕ್ಕಳ ಶ್ವಾಸನಾಳಕ್ಕೆ ನೇರವಾಗಿ ಹಾಕಿ ಯಶಸ್ಸು ಕಂಡರು. ಇವೆರಡಕ್ಕಿಂತಲೂ ಅಗ್ಗವಾದದ್ದು, ನನ್ನ ಲೆಕ್ಕದಲ್ಲಿ ಹೆಚ್ಚು ದೊಡ್ಡದಾದದ್ದು, ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ ಸಂಗತಿ: ಹೆರಿಗೆಗೆ ಮೊದಲೇ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಭಾರತದಲ್ಲಿ 24ರಿಂದ 34 ವಾರದ ನಡುವೆ ಅಕಾಲ ಹೆರಿಗೆಯ ಲಕ್ಷಣ ಕಂಡರೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಅನ್ನು 12 ಗಂಟೆಗೊಮ್ಮೆ ನಾಲ್ಕು ಸಲ ಕೊಡಬೇಕೆಂದು ನಿಯಮವಿದೆ. ಕೆಲವೇ ರೂಪಾಯಿ ಬೆಲೆಯ ಮದ್ದು ಅದು. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲು ಹಳ್ಳಿಯ ಆರೋಗ್ಯ ಸಹಾಯಕಿ (ಎಎನ್ಎಂ) ಕೂಡ ಮೊದಲ ಡೋಸ್ ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದ್ದರಿಂದ ದಿನ ತುಂಬದ ಮಗುವಿನ ಚಿಕಿತ್ಸೆ ಎಷ್ಟೋ ಬಾರಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್ಐಸಿಯು) ಅಲ್ಲ, ತಾಯಿಯನ್ನು 108 ಆಂಬುಲೆನ್ಸ್ ಹತ್ತಿಸುವ ಮುನ್ನ ಉಪಕೇಂದ್ರದಲ್ಲಿ ಆರಂಭವಾಗುತ್ತದೆ.

ಇನ್ನು ಹದದ ವಿಷಯ. 30 ವಾರಕ್ಕೆ ಹುಟ್ಟಿದ, 1,200 ಗ್ರಾಂ ತೂಕದ ಒಂದು ಮಗುವನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. ಮೊದಲ ದಿನ ಇಂಥ ಮಗುವಿಗೆ ಕಿಲೋಗೆ 80 ಮಿಲಿಲೀಟರ್ ದ್ರವ ಬೇಕು, ಅಂದರೆ ಇಡೀ ದಿನಕ್ಕೆ 96 ಮಿಲಿಲೀಟರ್, ಗಂಟೆಗೆ ನಾಲ್ಕು. ಶೇಕಡಾ 10ರ ಗ್ಲೂಕೋಸ್ ದ್ರಾವಣವನ್ನು ಸಿರಿಂಜ್ ಪಂಪ್‌ನಲ್ಲಿ ಗಂಟೆಗೆ 4 ಮಿಲಿಲೀಟರ್‌ನಂತೆ ಹರಿಸಿದರೆ ಮಗುವಿನ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 5.5 ಮಿಲಿಗ್ರಾಂ ಸಕ್ಕರೆ ದೊರೆಯುತ್ತದೆ, ಅದು ಸರಿಯಾದ ಪ್ರಮಾಣ. ಪಂಪ್‌ನ ಗುಂಡಿ ಒತ್ತುವಾಗ ನಾಲ್ಕರ ಬದಲು ಐದು ಎಂದಾದರೆ ದೊಡ್ಡವರ ವಾರ್ಡಿನಲ್ಲಿ ಯಾರ ಗಮನಕ್ಕೂ ಬರದ ಆ ಒಂದು ಮಿಲಿಲೀಟರ್ ಇಲ್ಲಿ ಶೇಕಡಾ 25ರಷ್ಟು ಹೆಚ್ಚಾಗುತ್ತದೆ. ದ್ರವ ಅತಿಯಾದರೆ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಹೃದಯದ ಬಳಿಯ ರಕ್ತನಾಳ ತೆರೆದೇ ಉಳಿಯುವ ಸಂಭವ ಹೆಚ್ಚುತ್ತದೆ. ಕಡಿಮೆಯಾದರೆ ಸಕ್ಕರೆ ಇಳಿದು ಮಿದುಳಿಗೆ ಪೆಟ್ಟು.

ಇದೇ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಹೆಚ್ಚುಕಡಿಮೆ 100 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ಪರೀಕ್ಷೆಗೆಂದು ಒಂದು ಮಿಲಿಲೀಟರ್ ತೆಗೆದರೆ ಮಗುವಿನ ನೂರನೆಯ ಒಂದು ಪಾಲು ರಕ್ತ ಹೋದಂತೆ. ಹಾಗಾಗಿ ಈ ವಿಭಾಗದ ಒಳ್ಳೆಯ ವೈದ್ಯರು ರಕ್ತಪರೀಕ್ಷೆ ಬರೆಯುವ ಮುನ್ನ ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಯೋಚಿಸುತ್ತಾರೆ, ಬದಲಾಗದಿದ್ದರೆ ಬರೆಯುವುದಿಲ್ಲ. ಔಷಧಿಯದೂ ಇದೇ ಕಥೆ. ಎಳೆಯ ಮಿದುಳು ಉಸಿರಾಡುವುದನ್ನೇ ಆಗಾಗ ಮರೆಯುವುದರಿಂದ ಮಗು 20 ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರು ನಿಲ್ಲಿಸಿ ನೀಲಿಗಟ್ಟುವುದುಂಟು. ಅದಕ್ಕೆ ಕೊಡುವುದು ಕೆಫೀನ್. ಹೌದು, ನಾವು ಬೆಳಿಗ್ಗೆ ಕುಡಿಯುವ ಕಾಫಿಯಲ್ಲಿರುವ ಅದೇ ಕೆಫೀನ್, ಅದರ ಸಿಟ್ರೇಟ್ ರೂಪ. ಮೊದಲ ಡೋಸ್ ಕಿಲೋಗೆ 20 ಮಿಲಿಗ್ರಾಂ, ಅಂದರೆ ಈ ಮಗುವಿಗೆ 24. ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ಶೀಷೆಯಾದರೆ 1.2 ಮಿಲಿಲೀಟರ್. ದಶಮಾಂಶದ ಚುಕ್ಕಿ ಒಂದು ಸ್ಥಾನ ಆಚೀಚೆ ಆದರೆ ಹತ್ತು ಪಟ್ಟು ಔಷಧಿ. ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಿದ ಮೇಲೆಯೇ ಮದ್ದು ಕೊಡುವ ಪದ್ಧತಿ ಬಂದಿರುವುದು ಇದಕ್ಕಾಗಿ. ಗಣಿತ ಬೇಡವೆಂದು ಜೀವಶಾಸ್ತ್ರ ಹಿಡಿದ ವಿದ್ಯಾರ್ಥಿಗಳು ಈ ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆಮ್ಲಜನಕದ ವಿಷಯದಲ್ಲಿ ಹದ ತಪ್ಪಿದ್ದಕ್ಕೆ ಚರಿತ್ರೆಯೇ ಸಾಕ್ಷಿ. 1940ರ ದಶಕದಲ್ಲಿ ಪೆಟ್ಟಿಗೆಯೊಳಗಿನ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವ ರೂಢಿ ಬಂದಾಗ ಅನೇಕ ಮಕ್ಕಳು ಬದುಕಿದವು, ಆದರೆ ಸಾವಿರಾರು ಮಕ್ಕಳ ಕಣ್ಣು ಹೋಯಿತು. ಕಾರಣ ಗೊತ್ತಾದದ್ದು 1950ರ ದಶಕದಲ್ಲಿ. ಅಕ್ಷಿಪಟಲದ ರಕ್ತನಾಳಗಳು ಅಂಚಿನವರೆಗೆ ಬೆಳೆಯುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಅದಕ್ಕೂ ಮೊದಲೇ ಹೆಚ್ಚಿನ ಆಮ್ಲಜನಕ ಸೋಕಿದರೆ ಅವುಗಳ ಬೆಳವಣಿಗೆ ನಿಂತು, ಆಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದು, ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕಳಚಿಬಿಡುತ್ತವೆ. ಇದನ್ನು ಆರ್‌ಒಪಿ ಎನ್ನುತ್ತಾರೆ. ಆದ್ದರಿಂದ ಈಗ ಆಮ್ಲಜನಕ ಪಡೆಯುತ್ತಿರುವ ಮಗುವಿನ ರಕ್ತದಲ್ಲಿ ಅದರ ಪ್ರಮಾಣವನ್ನು ಶೇಕಡಾ 90ರಿಂದ 95ರ ನಡುವೆ ಇಡುತ್ತಾರೆ. ಪರದೆಯ ಮೇಲೆ 100 ಕಂಡಾಗ ದೊಡ್ಡವರ ವಾರ್ಡಿನಲ್ಲಿ ನೆಮ್ಮದಿ, ಇಲ್ಲಿ ಅದು ಎಚ್ಚರಿಕೆಯ ಗಂಟೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ, ತೀರ ಎಳೆಯದಾದರೆ ಇನ್ನೂ ಬೇಗ, ತಜ್ಞರು ಪರೀಕ್ಷಿಸಲೇಬೇಕು. ಅದನ್ನು ತಪ್ಪಿಸಿಕೊಂಡ ಮಗುವಿಗೆ ದೃಷ್ಟಿ ಮರಳಿಸುವುದು ಬಹಳ ಕಷ್ಟ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಲ್ಲಿದ್ದುಕೊಂಡೇ ಅದನ್ನು ನೋಡಿ ಯಾರಿಗೆ ಲೇಸರ್ ಬೇಕೆಂದು ಹೇಳುತ್ತಾರೆ. ಚಿಕ್ಕ ಊರಿನಲ್ಲಿ ಕೆಲಸ ಮಾಡಿದರೆ ಒಳ್ಳೆಯ ಚಿಕಿತ್ಸೆ ಕೊಡಲಾಗುವುದಿಲ್ಲ ಎನ್ನುವವರಿಗೆ ಇದೊಂದು ಉತ್ತರ.

ಸೋಂಕು, ಹಾಲುಣಿಸುವಿಕೆ ಮತ್ತು ಬಿಸುಪಿನ ಬಗ್ಗೆ ಒಂದೊಂದೇ ಗ್ರಂಥ ಬರೆಯಬಹುದು. ತಾಯಿಯಿಂದ ಮಗುವಿಗೆ ರೋಗನಿರೋಧಕ ಅಂಶಗಳು ಹರಿಯುವುದು ಬಹುಪಾಲು ಕೊನೆಯ ಮೂರು ತಿಂಗಳಲ್ಲಿ, ಆ ಅವಧಿ ತಪ್ಪಿದ ಮಗುವಿಗೆ ನಮ್ಮ ಕೈಯ ಕೊಳೆಯೇ ಶತ್ರು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನು ಜೊತೆಗೂಡಿಸುವ ಶಕ್ತಿ ಬರುವುದು 34ನೆಯ ವಾರದ ಸುಮಾರಿಗೆ, ಅಲ್ಲಿಯವರೆಗೆ ಹಿಂಡಿದ ತಾಯಿಹಾಲನ್ನು ಬಾಯಿಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯಲ್ಲಿ ಕೊಡಬೇಕು. ಚರ್ಮದ ಕೆಳಗೆ ಕೊಬ್ಬಿಲ್ಲದ ಮಗುವಿನ ಮೈ ನೋಡುನೋಡುತ್ತಿದ್ದಂತೆ ತಣ್ಣಗಾಗುವುದರಿಂದ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಕಾಪಾಡಬೇಕು, 32 ವಾರಕ್ಕಿಂತ ಎಳೆಯದಾದರೆ ಹುಟ್ಟಿದ ಕೂಡಲೇ ಒರೆಸದೆ ಶುಚಿಯಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಬೇಕು.

ಆದರೆ ಇವು ಮೂರಕ್ಕೂ ಒಟ್ಟಿಗೆ ಸಲ್ಲುವ ಚಿಕಿತ್ಸೆಯೊಂದು ಇದೆ, ಅದಕ್ಕೆ ಬೇಕಾದದ್ದು ತಾಯಿ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಮಕ್ಕಳನ್ನು ತಾಯಿಯ ಎದೆಯ ಮೇಲೆ ಬರಿಮೈಗೆ ಬರಿಮೈ ತಾಗುವಂತೆ ಕಟ್ಟಿ ಇಡಲಾರಂಭಿಸಿದರು. ಕಾಂಗರೂ ತಾಯಿ ಆರೈಕೆ ಎಂದು ಹೆಸರಾದ ಈ ಪದ್ಧತಿಯನ್ನು ಬಹುಕಾಲ ಮಗು ಚೇತರಿಸಿಕೊಂಡ ಮೇಲೆ ಮಾಡುವ ಕೆಲಸವೆಂದು ಎಣಿಸಲಾಗಿತ್ತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಎಣಿಕೆಯನ್ನು ತಲೆಕೆಳಗು ಮಾಡಿತು. 1ರಿಂದ 1.8 ಕಿಲೋ ತೂಕದ ಮಕ್ಕಳನ್ನು, ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟಾಗ ಸಾವು ಶೇಕಡಾ 25ರಷ್ಟು ಇಳಿಯಿತು. ಹೀಗಾಗಿ ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೊತ್ತು, ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ತಾಯಿಯನ್ನು ಭೇಟಿಯ ಸಮಯಕ್ಕೆ ಮಾತ್ರ ಒಳಗೆ ಬಿಟ್ಟು ಉಳಿದ ಹೊತ್ತು ಜಗಲಿಯಲ್ಲಿ ಕೂರಿಸುವ ಘಟಕ, ಎಷ್ಟೇ ಯಂತ್ರಗಳಿದ್ದರೂ, ಹಿಂದುಳಿದ ಘಟಕವೆಂದೇ ನನ್ನ ಅಭಿಪ್ರಾಯ.

ಕೋಲಾರದಲ್ಲಿ ಇದನ್ನು ಮಾಡಿಸುವುದಕ್ಕೆ ವೈದ್ಯಕೀಯ ಜ್ಞಾನದ ಜೊತೆಗೆ ಬಾಯಿಯೂ ಬೇಕು. ಮುಳಬಾಗಿಲಿನಿಂದ ಬಂದ ತಾಯಿ ಮನೆಯಲ್ಲಿ ಆಡುವುದು ತೆಲುಗು, ಕೆಜಿಎಫ್‌ನವರು ತಮಿಳು, ಕೋಲಾರ ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ಬಾಣಂತಿಯ ಜೊತೆ ಬಂದ ಅಜ್ಜಿಗೆ ಒಪ್ಪಿಗೆಯಾಗದಿದ್ದರೆ ಬಾಣಂತಿ ಎದೆಯ ಮೇಲೆ ಮಗುವನ್ನು ಇಟ್ಟುಕೊಳ್ಳುವುದಿಲ್ಲ. "ಹಸಿ ಬಾಣಂತಿ ಕಣ್ರೀ ಡಾಕ್ಟ್ರೇ, ಮೈಗೆ ಗಾಳಿ ಸೋಕಿದ್ರೆ ಶೀತ ಆಗ್ತದೆ" ಎಂದು ಅಜ್ಜಿ ಹೇಳಿದಾಗ, "ಹೊದಿಸಿ ಕಟ್ತೀವಮ್ಮ, ಗಾಳಿ ಸೋಕಲ್ಲ. ಬೇಕಾದ್ರೆ ಒಂದು ಗಂಟೆ ನೀವೇ ಇಟ್ಕೊಳ್ಳಿ, ನಿಮ್ಮ ಮೈ ಬಿಸಿನೂ ಮಗೂಗೆ ಆಗ್ತದೆ" ಎಂದು ಹೇಳಿ ಕೂರಿಸಬೇಕು. ಕಾಂಗರೂ ಆರೈಕೆಯನ್ನು ಅಜ್ಜಿಯೂ ಅಪ್ಪನೂ ಮಾಡಬಹುದು ಎಂಬುದು ನಿಜವೇ ಆಗಿದೆ. ಮನೆಗೆ ಹೋದ ಮೇಲೆ ಬಜೆ ತೇಯ್ದು ನೆಕ್ಕಿಸುವುದು, ದಿನವೂ ಎಣ್ಣೆನೀರು ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು ಇಂಥ ಮಗುವಿಗೆ ಅಪಾಯವೆಂಬುದನ್ನೂ ಆ ಅಜ್ಜಿಗೇ ತಿಳಿಹೇಳಬೇಕು, ಏಕೆಂದರೆ ಮನೆಯಲ್ಲಿ ಬಾಣಂತನದ ಯಜಮಾನಿಕೆ ಅವರದು.

ಬಿಡುಗಡೆಯ ನಂತರವೂ ಕೆಲಸ ಮುಗಿಯುವುದಿಲ್ಲ. 30 ವಾರಕ್ಕೆ ಹುಟ್ಟಿದ ಮಗುವಿಗೆ ನಾಲ್ಕು ತಿಂಗಳಾದಾಗ, ಬೇಗ ಹುಟ್ಟಿದ ಹತ್ತು ವಾರಗಳನ್ನು ಕಳೆದು ಅದನ್ನು ಒಂದೂವರೆ ತಿಂಗಳ ಮಗುವೆಂದು ಎಣಿಸಬೇಕು. ಕತ್ತು ನಿಂತಿಲ್ಲವೆಂದು ಮನೆಯವರು ಗಾಬರಿಯಾಗಿರುತ್ತಾರೆ, ಅದು ನಿಲ್ಲುವ ಕಾಲ ಇನ್ನೂ ಬಂದಿರುವುದಿಲ್ಲ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಅನ್ವಯಿಸುವುದಿಲ್ಲ, ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ಕಿವಿಯ ಪರೀಕ್ಷೆ, ಕಣ್ಣಿನ ಪರೀಕ್ಷೆ, ಬೆಳವಣಿಗೆಯ ಪರೀಕ್ಷೆ ಎರಡು ವರ್ಷವಾದರೂ ನಡೆಯಬೇಕು.

ಇದೆಲ್ಲದರ ನಡುವೆ ಮಕ್ಕಳು ಸಾಯುತ್ತವೆ ಎಂಬುದನ್ನು ಆಸೆಪಡುವ ವಿದ್ಯಾರ್ಥಿಗೆ ಮುಚ್ಚಿಡಬಾರದು. ಸೋಂಕು ತಗುಲಿ, ಕರುಳು ಕೊಳೆತು, ಇಲ್ಲವೆ ಮೊದಲ ಮೂರು ದಿನಗಳಲ್ಲೇ ಮಿದುಳಿನೊಳಗೆ ರಕ್ತಸ್ರಾವವಾಗಿ ಮಕ್ಕಳು ಹೋಗುತ್ತವೆ, ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಹೋಗುತ್ತವೆ. ತೀರ ಎಳೆಯ ಮಗುವಿಗೆ ಎಲ್ಲಿಯವರೆಗೆ ಚಿಕಿತ್ಸೆ ಮುಂದುವರಿಸಬೇಕೆಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ, ತಂದೆತಾಯಿಯ ಜೊತೆ ಕುಳಿತು ಮಾತನಾಡಬೇಕು. ಅದಕ್ಕಿಂತ ನೋವಿನದು ಇನ್ನೊಂದಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಮತ್ತು ಸಾಗಣೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಆದರೂ ದೇಶದ ಶಿಶು ಘಟಕಗಳಲ್ಲಿ ದಾಖಲಾಗುವ ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಸ್ಪಷ್ಟವಾಗಿ ಕಡಿಮೆ. ಗಂಡುಶಿಶು ಹುಟ್ಟಿನಲ್ಲಿ ಹೆಚ್ಚು ದುರ್ಬಲವೆಂಬುದು ಇದಕ್ಕೆ ಒಂದು ಪಾಲು ಕಾರಣ, ಉಳಿದ ಪಾಲಿನ ಕಾರಣ ಎಲ್ಲರಿಗೂ ಗೊತ್ತು. ಮೂರನೆಯದೂ ಹೆಣ್ಣೆಂದು ತಮ್ಮ ಜವಾಬ್ದಾರಿಯ ಮೇಲೆ ಬರೆದುಕೊಟ್ಟು ಮಗುವನ್ನು ಎತ್ತಿಕೊಂಡು ಹೊರಟವರನ್ನು ತಡೆದು ನಿಲ್ಲಿಸುವುದೂ ಈ ವೈದ್ಯರ ಕೆಲಸವೇ.

ಈಗ ದಾರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಬೇಕು. 180 ಪ್ರಶ್ನೆ, 720 ಅಂಕ, ಅರ್ಧ ಜೀವಶಾಸ್ತ್ರದ್ದು. ಕನ್ನಡದಲ್ಲೂ ಬರೆಯಬಹುದು. ಅಲ್ಲಿಂದ ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಮತ್ತೆ ನೀಟ್ ಪಿಜಿ ಬರೆದು ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಅಥವಾ ಡಿಎನ್‌ಬಿ, ಮೂರು ವರ್ಷ. ಆಮೇಲೆ ನೀಟ್ ಎಸ್‌ಎಸ್ ಬರೆದು ನವಜಾತ ಶಿಶು ವಿಭಾಗದಲ್ಲಿ ಉನ್ನತ ತಜ್ಞ ಪದವಿಯಾದ ಡಿಎಂ ಅಥವಾ ಡಿಆರ್‌ಎನ್‌ಬಿ, ಇನ್ನೂ ಮೂರು ವರ್ಷ. ಚಂಡೀಗಢದ ಪಿಜಿಐ, ದೆಹಲಿಯ ಏಮ್ಸ್‌ನಂಥ ಕಡೆ ಸೇರಲು ಪ್ರವೇಶ ಪರೀಕ್ಷೆಯೇ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಡಿಎಂ ಇದೆ. ಹದಿನೆಂಟಕ್ಕೆ ಹೊರಟವರು ಎಲ್ಲೂ ತಡವಾಗದಿದ್ದರೆ ಮೂವತ್ತರ ಹೊಸ್ತಿಲಲ್ಲಿ ಮುಗಿಸುತ್ತಾರೆ, ಆದರೆ ಪ್ರತಿ ಪರೀಕ್ಷೆಯ ನಡುವೆ ಒಂದೊಂದು ವರ್ಷ ಜಾರುವುದು ಸಾಮಾನ್ಯ.

ಕೋಲಾರದ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ವಿಷಯವಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುವ ರಾಜ್ಯದ ಸೀಟುಗಳಲ್ಲಿ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಸಿಗುತ್ತದೆ. ಶಾಲೆಯ ದೃಢೀಕರಣ ಪತ್ರವನ್ನು ಬಿಇಒ ಸಹಿಯೊಂದಿಗೆ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಆದರೆ ಮನೆಗೆ ಹತ್ತಿರವೆಂದು ಮೊದಲು ಮನಸ್ಸಿಗೆ ಬರುವ, 1986ರಲ್ಲಿ ಟಮಕದಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಂಥ ಕಾಲೇಜುಗಳ ಸೀಟು ಹಂಚುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ), ಅಲ್ಲಿ ರಾಜ್ಯದ ಗ್ರಾಮೀಣ ಮೀಸಲಾತಿ ನಡೆಯುವುದಿಲ್ಲ, ಶುಲ್ಕವೂ ಬೇರೆ. ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕಾಲೇಜು ಬಂದಿರುವುದು ಈ ಭಾಗದ ಬಡ ಮನೆಗಳಿಗೆ ದೊಡ್ಡ ಅನುಕೂಲ.

ಡಿಎಂ ಇಲ್ಲದೆ ಈ ಕೆಲಸ ಮಾಡಲಾಗದೇ ಎಂಬ ಪ್ರಶ್ನೆಗೆ, ಮಾಡಬಹುದು ಎಂಬುದೇ ಉತ್ತರ. ಹೆರಿಗೆ ನಡೆಯುವ ಪ್ರತಿ ಸರ್ಕಾರಿ ಕೇಂದ್ರದಲ್ಲೂ ನವಜಾತ ಶಿಶು ಆರೈಕೆಯ ಮೂಲೆ, ಅದರ ಮೇಲಿನ ಹಂತದ ಆಸ್ಪತ್ರೆಗಳಲ್ಲಿ ಸ್ಥಿರೀಕರಣ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ಘಟಕ ಇರಬೇಕೆಂಬುದು ವ್ಯವಸ್ಥೆ. ಈ ಘಟಕಗಳನ್ನು ನಡೆಸುವವರು ಬಹುತೇಕ ಎಂಡಿ ಮಾಡಿದ ಮಕ್ಕಳ ವೈದ್ಯರು. ಅವರಿಗೆ ನಾಲ್ಕು ದಿನದ ತರಗತಿ ಮತ್ತು ದೊಡ್ಡ ಆಸ್ಪತ್ರೆಯೊಂದರಲ್ಲಿ ಎರಡು ವಾರದ ವೀಕ್ಷಣಾ ತರಬೇತಿ ಕೊಡುತ್ತಾರೆ. ವೆಂಟಿಲೇಟರ್ ಬೇಕಾದ 27 ವಾರದ ಮಗುವಿಗೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯೋ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೋ ಬೇಕು, ಕೋಲಾರದಿಂದ ಸುಮಾರು 70 ಕಿಲೋಮೀಟರ್ ದೂರ. ಅಂಥ ಹೆರಿಗೆ ಮೊದಲೇ ತಿಳಿದರೆ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಕಳುಹಿಸುವುದು ಎಲ್ಲಕ್ಕಿಂತ ಸುರಕ್ಷಿತ. ಆದರೆ ಸಂಖ್ಯೆಯಲ್ಲಿ ಹೆಚ್ಚಾಗಿರುವ 32, 34 ವಾರದ ಮಕ್ಕಳು ಜಿಲ್ಲೆಯಲ್ಲೇ ಉಳಿಯಬಲ್ಲವು.

ಹದಿನೆರಡು ವರ್ಷ ಓದಲು ಮನೆಯ ಪರಿಸ್ಥಿತಿ ಬಿಡದಿದ್ದರೆ ಶುಶ್ರೂಷೆಯ ದಾರಿಯಿದೆ, ಅದನ್ನು ಎರಡನೆಯ ದರ್ಜೆಯದೆಂದು ತಿಳಿಯಬೇಕಾಗಿಲ್ಲ. ಜಿಎನ್‌ಎಂ ಎಂಬ ಶುಶ್ರೂಷಾ ಡಿಪ್ಲೊಮಾ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಅದರ ಮೇಲೆ ನವಜಾತ ಶಿಶು ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ. ಸಿಪ್ಯಾಪ್ ಹಾಕಿದ ಮಗುವಿನ ಬಳಿ ನೀರು ತುಂಬಿದ ಒಂದು ಶೀಷೆ ಇರುತ್ತದೆ, ಅದರಲ್ಲಿ ಐದು ಸೆಂಟಿಮೀಟರ್ ಮುಳುಗಿದ ಕೊಳವೆಯ ತುದಿಯಿಂದ ಗುಳ್ಳೆಗಳು ಏಳುತ್ತಿರಬೇಕು. ಗುಳ್ಳೆ ನಿಂತಿತೆಂದರೆ ಎಲ್ಲೋ ಗಾಳಿ ಸೋರುತ್ತಿದೆ, ಮಗುವಿಗೆ ಒತ್ತಡ ತಲುಪುತ್ತಿಲ್ಲ ಎಂದರ್ಥ. ಮೂಗಿನ ನಳಿಕೆ ಜಾರಿದೆಯೇ, ಬಾಯಿ ತೆರೆದುಕೊಂಡಿದೆಯೇ ಎಂದು ನೋಡಿ ಕ್ಷಣದಲ್ಲಿ ಸರಿಪಡಿಸಬೇಕು. ರಾತ್ರಿಪಾಳಿಯಲ್ಲಿ ಅದನ್ನು ಮೊದಲು ಗಮನಿಸುವವರು, ಮೂರು ನಾಲ್ಕು ಮಕ್ಕಳನ್ನು ಏಕಕಾಲಕ್ಕೆ ನೋಡಿಕೊಳ್ಳುತ್ತಾ ಅಲ್ಲಿಯೇ ನಿಂತಿರುವ ನರ್ಸ್.